ಹೊಲದಲ್ಲಿ ದುಡಿಯುವವರಿಗೂ ನಡಿಗೆ ಬೇಕೆ?



ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ಉತ್ತರ ಸಾಮಾನ್ಯವಾಗಿ ಒಂದೇ: "ನಾವು ದಿನಾ ಹೊಲದಾಗ ದುಡಿಯೋ ಮಂದಿ. ವ್ಯಾಯಾಮ, ವಾಕಿಂಗ್ ಅನ್ನೂದೆಲ್ಲಾ ಪ್ಯಾಟಿ ಮಂದಿಗೆ." ಮಿರಜ ತಾಲೂಕಿನ ಬೇಡಗ, ಆರಗ, ನರವಾಡದ ಎಲೆತೋಟಗಳನ್ನು ನೋಡಿದವರಿಗೆ ಈ ಮಾತು ಸರಿಯೆಂದೇ ತೋರುತ್ತದೆ. ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು, ಹೆಡಿಗೆ ತುಂಬುವುದು, ನೀರು ಹಾಯಿಸುವುದು, ಇವೆಲ್ಲ ಕುಳಿತು ಮಾಡುವ ಕೆಲಸಗಳಲ್ಲ. ಆದರೂ ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ ಎಂಬುದು ನಮ್ಮ ಅಭಿಪ್ರಾಯ. ಉಳಿದ ಅರ್ಧ ಜನರ ಜೀವಕ್ಕೆ ಎರವಾಗುವಂಥದ್ದು. ಆದ್ದರಿಂದ ಈ ಸಲ ದುಡಿಮೆ, ನಡಿಗೆ, ರಕ್ತದ ಸಕ್ಕರೆ ಈ ಮೂರಕ್ಕೂ ಇರುವ ಸಂಬಂಧವನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಳ್ಳಿಗೂ ಬಂದ ಕಾಯಿಲೆ

ಸಕ್ಕರೆ ಕಾಯಿಲೆ ಶ್ರೀಮಂತರದು, ಪೇಟೆಯವರದು ಎಂಬ ಕಾಲ ಮುಗಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ಜನರನ್ನು ಪರೀಕ್ಷಿಸಿ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ವಯಸ್ಕರ ಪೈಕಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆಯಿದೆ. ಅಂದರೆ ಸುಮಾರು ಹತ್ತು ಕೋಟಿ ಜನ. ಪಟ್ಟಣಗಳಲ್ಲಿ ನೂರಕ್ಕೆ 16.4, ಹಳ್ಳಿಗಳಲ್ಲಿ 8.9. "ನೋಡಿ, ಹಳ್ಳಿಯಲ್ಲಿ ಅರ್ಧದಷ್ಟೇ" ಎಂದು ಸಮಾಧಾನಪಡುವ ಮೊದಲು ಅದೇ ವರದಿಯ ಇನ್ನೊಂದು ಅಂಕಿಯನ್ನು ನೋಡಬೇಕು. ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತವರ ಪ್ರಮಾಣ ಪಟ್ಟಣದಲ್ಲಿ 15.4, ಹಳ್ಳಿಯಲ್ಲಿ 15.2. ಇಲ್ಲಿ ವ್ಯತ್ಯಾಸವೇ ಇಲ್ಲ! ಇವರ ರಕ್ತದಲ್ಲಿ ಸಕ್ಕರೆ ಏರಿದೆ, ಆದರೆ ಕಾಯಿಲೆ ಎನ್ನುವಷ್ಟು ಏರಿಲ್ಲ. ಇಂದು ಹೊಸ್ತಿಲಲ್ಲಿ ನಿಂತವರು ನಾಳೆ ಒಳಗೆ ಕಾಲಿಡುವರೋ, ಹಿಂದಿರುಗುವರೋ ಎಂಬುದೇ ಈಗಿನ ಪ್ರಶ್ನೆ.

ಹಳ್ಳಿಯ ದುಡಿಮೆಯೂ ಬದಲಾಗಿದೆ. ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಮಿರಜದ ಪೂರ್ವ ಭಾಗಕ್ಕೂ, ಕವಠೆ ಮಹಾಂಕಾಳ, ಜತ್ತ ತಾಲೂಕುಗಳಿಗೂ ಹರಿಸಿದ ಮೇಲೆ ಜೋಳ ಬೆಳೆಯುತ್ತಿದ್ದ ಒಣ ಭೂಮಿಯಲ್ಲಿ ಕಬ್ಬು, ದ್ರಾಕ್ಷಿ ಬಂದವು. ಇದು ಸಂತೋಷದ ಸಂಗತಿ. ಆದರೆ ಬಾವಿಯಿಂದ ನೀರು ಸೇದುತ್ತಿದ್ದ ಕೈ ಈಗ ಮೋಟಾರಿನ ಗುಂಡಿ ಒತ್ತುತ್ತದೆ. ಎತ್ತುಗಳ ಹಿಂದೆ ಮೈಲುಗಟ್ಟಲೆ ನಡೆಯುತ್ತಿದ್ದ ಕಾಲು ಟ್ರ್ಯಾಕ್ಟರಿನ ಮೇಲೆ ಕುಳಿತಿದೆ. ಅರ್ಧ ಮೈಲು ದೂರದ ತೋಟಕ್ಕೆ ಹೋಗಲೂ ಮೋಟಾರ್ ಸೈಕಲ್ ಬೇಕು. ಹೊಲದ ಯಜಮಾನರು ಬದುವಿನ ಮೇಲೆ ನಿಂತು ಕೆಲಸ ಮಾಡಿಸುತ್ತಾರೆ, ಬಾಗಿ ಕಳೆ ಕೀಳುವವರು ಕೂಲಿಯ ಹೆಣ್ಣುಮಕ್ಕಳು. ಇಬ್ಬರೂ ಸಂಜೆ "ಹೊಲದಾಗ ದುಡಿದು ಬಂದೆ" ಎಂದೇ ಹೇಳುತ್ತಾರೆ. ಆದರೆ ಇಬ್ಬರ ಮೈಯೂ ಮಾಡಿದ ಕೆಲಸ ಒಂದೇ ಅಲ್ಲ. ಒಬ್ಬರಿಗೆ ದುಡಿಮೆ ಸಾಲದು, ಇನ್ನೊಬ್ಬರಿಗೆ ವಿಶ್ರಾಂತಿ ಸಾಲದು. ಇಬ್ಬರಿಗೂ "ದಿನಾ ಅರ್ಧ ಗಂಟೆ ನಡೆಯಿರಿ" ಎಂದು ಒಂದೇ ಚೀಟಿ ಬರೆದುಕೊಡುವುದು ಸರಿಯಲ್ಲ.

ತೆಳ್ಳಗಿದ್ದೇವೆ ಎಂಬ ಧೈರ್ಯವೂ ಬೇಡ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಅವರು 2004ರಲ್ಲಿ ತಮ್ಮ ಇಂಗ್ಲೆಂಡಿನ ಸಹೋದ್ಯೋಗಿ ಡಾ. ಯುಡ್ಕಿನ್ ಅವರೊಂದಿಗೆ ತಮ್ಮನ್ನೇ ಹೋಲಿಸಿ ಒಂದು ಸ್ವಾರಸ್ಯದ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಆದರೆ ಮೈಯ ಕೊಬ್ಬನ್ನು ಅಳೆದಾಗ ಇಂಗ್ಲೆಂಡಿನವರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2! ಹೊರಗೆ ತೆಳ್ಳಗೆ ಕಾಣುವ ಭಾರತೀಯರ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ನಮ್ಮ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ ಅದು ಯಜಮಾನಿಕೆಯ ಲಕ್ಷಣವಲ್ಲ, ಎಚ್ಚರಿಕೆಯ ಗಂಟೆ.

ದುಡಿಯುವ ಸ್ನಾಯು ಸಕ್ಕರೆಯನ್ನು ಹೇಗೆ ಎಳೆದುಕೊಳ್ಳುತ್ತದೆ?

ನಾವು ಉಂಡ ರೊಟ್ಟಿ, ಅನ್ನ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ಸ್ನಾಯುಗಳ ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ಆ ಬಾಗಿಲಿನ ಬೀಗದಕೈ ಇನ್ಸುಲಿನ್. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಬೀಗ ತುಕ್ಕು ಹಿಡಿದಂತಾಗಿರುತ್ತದೆ. ಕೈ ಇದ್ದರೂ ಬಾಗಿಲು ಸರಾಗವಾಗಿ ತೆರೆಯುವುದಿಲ್ಲ. ಕ್ರಮೇಣ ಕೈಗಳೂ ಕಡಿಮೆಯಾಗುತ್ತವೆ. ಸಕ್ಕರೆ ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಕೆಡಿಸುತ್ತದೆ.

ಈಗ ದೇವರು ಶರೀರದಲ್ಲಿಟ್ಟ ಒಂದು ವಿಶೇಷವನ್ನು ಗಮನಿಸಿರಿ. ಸ್ನಾಯು ಕೆಲಸ ಮಾಡುವಾಗ ಅದಕ್ಕೆ ಇಂಧನ ಬೇಕು. ಆಗ ಅದು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಇನ್ನೊಂದು ದಾರಿಯಿಂದ ಬಾಗಿಲು ತೆರೆದು ರಕ್ತದ ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂಬಾಗಿಲಿನ ಬೀಗ ಕೆಟ್ಟಿದ್ದರೂ ಹಿತ್ತಿಲ ಬಾಗಿಲು ಸರಿಯಾಗಿಯೇ ಇರುತ್ತದೆ ಎನ್ನಬಹುದು. ನಡಿಗೆ ನಿಲ್ಲಿಸಿದ ಮೇಲೂ ಈ ಉಪಕಾರ ತಕ್ಷಣ ನಿಲ್ಲುವುದಿಲ್ಲ. ಖರ್ಚಾದ ಸಕ್ಕರೆಯನ್ನು ಸ್ನಾಯು ಮರಳಿ ತುಂಬಿಕೊಳ್ಳಬೇಕಲ್ಲ? ಆದ್ದರಿಂದ ಮುಂದಿನ ಒಂದೆರಡು ದಿನ ಇನ್ಸುಲಿನ್ ಕೂಡ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಒಂದೆರಡು ದಿನ ಮಾತ್ರ. ವಾರಕ್ಕೊಮ್ಮೆ ರವಿವಾರ ಐದು ಮೈಲು ನಡೆದು ಉಳಿದ ಆರು ದಿನ ಕುಳಿತರೆ ಪ್ರಯೋಜನ ಕಡಿಮೆ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಈ ತಿಳುವಳಿಕೆ ನಿನ್ನೆ ಮೊನ್ನೆಯದಲ್ಲ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ತಾವೇ ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಇಂಗ್ಲೆಂಡಿನ ಡಾ. ಲಾರೆನ್ಸ್ ಅವರು, ವ್ಯಾಯಾಮ ಮಾಡಿದಾಗ ಅದೇ ಪ್ರಮಾಣದ ಇನ್ಸುಲಿನ್ ಸಕ್ಕರೆಯನ್ನು ಇನ್ನೂ ಹೆಚ್ಚು ಇಳಿಸುತ್ತದೆ ಎಂದು 1926ರಲ್ಲಿಯೇ ಬರೆದರು. ಅದಕ್ಕೂ ಬಹು ಹಿಂದೆ ನಮ್ಮ ಸುಶ್ರುತ ಸಂಹಿತೆಯಲ್ಲಿ ಪ್ರಮೇಹದ ರೋಗಿಗೆ ನೂರು ಯೋಜನ ನಡೆಯಬೇಕೆಂದೂ, ಬಾವಿ ತೋಡಬೇಕೆಂದೂ ವಿಧಿಸಿದೆ. ಆದರೆ ಅಲ್ಲಿ ಬಡ ರೋಗಿ ಕೊಡೆಯಿಲ್ಲದೆ, ಬರಿಗಾಲಲ್ಲಿ ನಡೆಯಬೇಕೆಂದಿದೆ. ನಡಿಗೆಯ ಮಾತನ್ನು ಒಪ್ಪೋಣ, ಬರಿಗಾಲಿನ ಮಾತನ್ನು ಒಪ್ಪದಿರೋಣ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಎಷ್ಟು ಲಾಭ?

2001ರಲ್ಲಿ ಕೆನಡಾದ ಸಂಶೋಧಕರು 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಕ್ರಮವಾಗಿ ವ್ಯಾಯಾಮ ಮಾಡಿದವರ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, ಅಂದರೆ ಎಚ್‌ಬಿಎ1ಸಿ, ಮಾಡದವರಿಗಿಂತ ಸುಮಾರು 0.66ರಷ್ಟು ಕಡಿಮೆಯಿತ್ತು. ಇದು ಒಂದು ಮಾತ್ರೆಯ ಕೆಲಸಕ್ಕೆ ಹತ್ತಿರದ ಫಲ. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. "ತಿಂಗಳು ನಡೆದೆ, ಒಂದು ಕಿಲೋ ಕೂಡ ಇಳಿಯಲಿಲ್ಲ" ಎಂದು ನಿರಾಶೆಯಿಂದ ನಡಿಗೆ ಬಿಡುವವರು ಇದನ್ನು ನೆನಪಿಡಲಿ. ತೂಕದ ಕಾಟಾ ಅಲುಗದಿದ್ದರೂ ರಕ್ತದಲ್ಲಿ ಒಳ್ಳೆಯದು ನಡೆಯುತ್ತಿರುತ್ತದೆ.

ಹೊಸ್ತಿಲಲ್ಲಿ ನಿಂತವರ ಸಂಗತಿಗೆ ನಮ್ಮ ಪಕ್ಕದ ಚೆನ್ನೈಯಲ್ಲಿಯೇ ಒಳ್ಳೆಯ ಸಾಕ್ಷಿಯಿದೆ. ಡಾ. ರಾಮಚಂದ್ರನ್ ಮತ್ತು ಸಂಗಡಿಗರು ಅಂಥ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂದಿತು. ಊಟ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ನೂರಕ್ಕೆ 39 ಜನರಿಗೆ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿಯೂ ಲಾಭ ಸುಮಾರು ಅಷ್ಟೇ. ಕಾಸು ಖರ್ಚಿಲ್ಲದ ನಡಿಗೆ ಮಾತ್ರೆಗೆ ಸರಿಸಮವಾಗಿ ನಿಂತಿತು!

ಆ ಅಧ್ಯಯನದಲ್ಲಿ ನಮ್ಮ ರೈತ ಬಂಧುಗಳಿಗೆ ಮುಖ್ಯವಾದ ಒಂದು ವಿವೇಕವಿತ್ತು. ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಲು ಹೇಳಿದರು. ಮೈಮುರಿದು ದುಡಿಯುವವರಿಗೂ, ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ನಡೆದೋ ಸೈಕಲ್ ತುಳಿದೋ ಹೋಗುವವರಿಗೂ "ನೀವು ಮಾಡುತ್ತಿರುವುದನ್ನೇ ಮುಂದುವರಿಸಿರಿ" ಎಂದರು. ಅಂದರೆ, ನಿಜವಾದ ದುಡಿಮೆ ವ್ಯಾಯಾಮವೇ. ಪ್ರಶ್ನೆ ಇಷ್ಟೇ: ನಮ್ಮದು ನಿಜವಾದ ದುಡಿಮೆಯೋ, ಹೊಲದಲ್ಲಿ ಇದ್ದು ಬರುವುದೋ? ಮಾತನಾಡಬಲ್ಲೆವು, ಆದರೆ ಹಾಡಲಾರೆವು ಎನ್ನುವಷ್ಟು ಉಸಿರು ಏರುವ ಕೆಲಸ ಮಧ್ಯಮ ಶ್ರಮ. ಅಂಥ ಶ್ರಮ ವಾರಕ್ಕೆ 150 ನಿಮಿಷ ಆಗುತ್ತದೆಯೇ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿರಿ. ಕಬ್ಬು ಹೋದ ಮೇಲೆ, ದ್ರಾಕ್ಷಿ ಮುಗಿದ ಮೇಲೆ ಬರುವ ಬಿಡುವಿನ ವಾರಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸುಗ್ಗಿಯಲ್ಲಿ ದುಡಿದದ್ದನ್ನು ಶರೀರ ಮಳೆಗಾಲಕ್ಕೆಂದು ಕಣಜದಲ್ಲಿ ಕೂಡಿಟ್ಟುಕೊಳ್ಳುವುದಿಲ್ಲ.

ಯಾವಾಗ ನಡೆಯಬೇಕು?

ಬೆಳಗಿನ ನಡಿಗೆ ಒಳ್ಳೆಯದೇ. ಆದರೆ ರಕ್ತದ ಸಕ್ಕರೆ ಅತ್ಯಂತ ಹೆಚ್ಚು ಏರುವುದು ಊಟವಾದ ಒಂದೆರಡು ಗಂಟೆಯಲ್ಲಿ. ಆಗಲೇ ಸ್ನಾಯುಗಳನ್ನು ಕೆಲಸಕ್ಕೆ ಹಚ್ಚಿದರೆ? 2016ರಲ್ಲಿ ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆಯ 41 ಜನರಲ್ಲಿ ಇದನ್ನೇ ಪರೀಕ್ಷಿಸಿದರು. ದಿನಕ್ಕೊಮ್ಮೆ ಯಾವಾಗಲೋ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟಗಳ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ನೂರಕ್ಕೆ 12ರಷ್ಟು ಕಡಿಮೆಯಾಯಿತು. ರಾತ್ರಿಯ ಊಟದ ನಂತರವಂತೂ ನೂರಕ್ಕೆ 22ರಷ್ಟು. ಒಟ್ಟು ನಡಿಗೆ ಅಷ್ಟೇ, ಹೊತ್ತು ಬದಲಾಯಿತು, ಅಷ್ಟೇ!

ನಮ್ಮಲ್ಲಿ ದಿನದ ದೊಡ್ಡ ಊಟ ಹಲವರಿಗೆ ರಾತ್ರಿಯದು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು, ಟಿ.ವಿ. ಮುಂದೆ ಕುಳಿತು ಹಾಗೆಯೇ ಹಾಸಿಗೆಗೆ ಹೋಗುತ್ತೇವೆ. ಅದರ ಬದಲು ಊಟವಾದ ಮೇಲೆ ಓಣಿಯಲ್ಲಿ ಹತ್ತು ಹದಿನೈದು ನಿಮಿಷ ಅಡ್ಡಾಡಿ ಬಂದರೆ ಸಾಕು. ನಂಬಿಕೆಯಿಲ್ಲದವರು ತಾವೇ ಪರೀಕ್ಷಿಸಿ ನೋಡಬಹುದು. ಸಕ್ಕರೆ ಅಳೆಯುವ ಸಣ್ಣ ಯಂತ್ರ ಇಂದು ಅನೇಕ ಮನೆಗಳಲ್ಲಿದೆ. ಒಂದು ರಾತ್ರಿ ಉಂಡು ಕುಳಿತು, ಎರಡು ಗಂಟೆಯ ನಂತರ ಅಳೆಯಿರಿ. ಮರುರಾತ್ರಿ ಅಷ್ಟೇ ರೊಟ್ಟಿ, ಅದೇ ಪಲ್ಯ ಉಂಡು, ನಡೆದು, ಅದೇ ಹೊತ್ತಿಗೆ ಅಳೆಯಿರಿ. ನಾಲ್ಕಾರು ಸಲ ಹೀಗೆ ಮಾಡಿದರೆ ಯಂತ್ರವೇ ಉತ್ತರ ಹೇಳುತ್ತದೆ.

ನಡಿಗೆಯ ಜೊತೆಗೆ ವಾರದಲ್ಲಿ ಎರಡು ಮೂರು ದಿನ ಸ್ನಾಯುಗಳಿಗೆ ಬಲ ಬರುವ ಕೆಲಸವೂ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ನೀರಿನ ಕೊಡ ಎತ್ತುವುದು, ಸಲಿಕೆ ಹಿಡಿಯುವುದು, ಎಲ್ಲವೂ ಆದೀತು. ಸ್ನಾಯು ಹೆಚ್ಚಿದಷ್ಟೂ ಸಕ್ಕರೆ ಇಡುವ ಕಣಜ ದೊಡ್ಡದಾಗುತ್ತದೆ.

ಒಂದು ವಿಷಯಕ್ಕೆ ಗಾಬರಿಯಾಗಬಾರದು. ಮೂಟೆ ಹೊರುವುದು, ಜೋರಾಗಿ ಓಡುವುದು ಮುಂತಾದ ಕಠಿಣ ಶ್ರಮದ ಬೆನ್ನಿಗೇ ಅಳೆದರೆ ಸಕ್ಕರೆ ಕೆಲವೊಮ್ಮೆ ಏರಿರುತ್ತದೆ. ಶರೀರ ತುರ್ತಿಗೆಂದು ಪಿತ್ತಜನಕಾಂಗದಿಂದ ಸಕ್ಕರೆಯನ್ನು ಹೊರಗೆ ಬಿಡುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಅದು ತಾನಾಗಿಯೇ ಇಳಿಯುತ್ತದೆ.

ಸಕ್ಕರೆ ಇಳಿದಾಗ ಬರುವ ಅಪಾಯ

ಇನ್ನು ನಾಣ್ಯದ ಇನ್ನೊಂದು ಮುಖ. ನಮ್ಮ ದೃಷ್ಟಿಯಲ್ಲಿ ಈ ಅಂಕಣದ ಅತಿ ಮುಖ್ಯ ಭಾಗ ಇದೇ. ಸಕ್ಕರೆ ಇಳಿಸುವ ಶಕ್ತಿ ದುಡಿಮೆಗಿದೆ ಎಂದ ಮೇಲೆ, ಅತಿಯಾಗಿ ಇಳಿಸುವ ಶಕ್ತಿಯೂ ಅದಕ್ಕಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಎಂಬ ಜಾತಿಯ ಮಾತ್ರೆ ನುಂಗುವವರಿಗೂ ಈ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಬಹಳ ಕಡಿಮೆ.

ನಮ್ಮಲ್ಲಿ ಇದು ಹೇಗೆ ನಡೆಯುತ್ತದೆ ನೋಡಿರಿ. ಕೂಲಿಗೆ ಹೋಗುವ ತಾಯಿ ಬೆಳಿಗ್ಗೆ ಆರಕ್ಕೆ ಎದ್ದು ಅಡಿಗೆ ಮಾಡಿ, ಮಕ್ಕಳಿಗೆ ಕಟ್ಟಿಕೊಟ್ಟು, ಮಾತ್ರೆ ನುಂಗಿ, ಒಂದು ಬಟ್ಟಲು ಚಹಾ ಕುಡಿದು ಹೊರಡುತ್ತಾಳೆ. ರೊಟ್ಟಿಯ ಗಂಟು ಬಿಚ್ಚುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಅಷ್ಟರೊಳಗೆ ಮಾತ್ರೆ ಸಕ್ಕರೆಯನ್ನು ಇಳಿಸುತ್ತದೆ, ಬಿಸಿಲಿನ ದುಡಿಮೆಯೂ ಇಳಿಸುತ್ತದೆ, ಹೊಟ್ಟೆಯಿಂದ ಬರಬೇಕಾದದ್ದು ಮಾತ್ರ ಬಂದಿರುವುದಿಲ್ಲ. ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ. ಬಿಸಿಲಲ್ಲಿ ಬೆವರುವವರ ನಡುವೆ ಈ ಬೆವರನ್ನು ಗುರುತಿಸುವವರು ಯಾರು? ಗಂಡಸಾದರೆ ಕುಡಿದಿದ್ದಾನೆ ಎನ್ನುತ್ತಾರೆ, ಹೆಂಗಸಾದರೆ ಗಾಳಿ ಸೋಂಕಿದೆ ಎನ್ನುತ್ತಾರೆ. ಹಾಗೆ ಕಳೆಯುವ ಒಂದೊಂದು ನಿಮಿಷವೂ ಮೆದುಳಿಗೆ ಅಪಾಯ.

ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ಅಥವಾ ಅಳೆಯಲು ಯಂತ್ರವಿಲ್ಲದೆ ಈ ಲಕ್ಷಣಗಳು ಕಂಡರೆ, ಕೆಲಸ ಬಿಟ್ಟು ನೆರಳಿಗೆ ಬಂದು ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಸುಧಾರಿಸಿದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಹೋದೀತು. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಸಾಂಗಲಿ, ಕೊಲ್ಲಾಪುರದ ಸೀಮೆ ಬೆಲ್ಲಕ್ಕೆ ಹೆಸರಾದದ್ದು. "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ತಿನ್ನುತ್ತೇನೆ" ಎನ್ನುವ ಮಧುಮೇಹಿಗಳು ಎಲ್ಲ ಊರಲ್ಲೂ ಇದ್ದಾರೆ. ಇದು ತಪ್ಪು ತಿಳುವಳಿಕೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆದರೆ ಇದೇ ಬೆಲ್ಲದ ಒಂದು ತುಂಡು ಇನ್ಸುಲಿನ್ ತೆಗೆದುಕೊಳ್ಳುವ ಕೂಲಿಕಾರರ ಸೆರಗಿನಲ್ಲಿ, ಕಿಸೆಯಲ್ಲಿ ಇದ್ದರೆ ಹೊಲದ ನಡುವೆ ಜೀವ ಉಳಿಸುವ ಔಷಧಿ. ಅದನ್ನು ತಟ್ಟೆಯಿಂದ ತೆಗೆದು ಕಿಸೆಯಲ್ಲಿಡಿ.

ನೆನಪಿಡಬೇಕಾದ ಇನ್ನೂ ಕೆಲವು ಮಾತುಗಳು:

1. ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಾತ್ರೆ ತೆಗೆದುಕೊಂಡು ಉಪವಾಸ ದುಡಿಯಬಾರದು. ಹರಕೆ, ವ್ರತ, ತಪಸ್ಸು ಕಾಲದ ಉಪವಾಸ ಯಾವುದೇ ಇರಲಿ, ಮೊದಲು ವೈದ್ಯರನ್ನು ಕೇಳಬೇಕು. ರೋಗಿಗಳು ಉಪವಾಸ ಮಾಡಬೇಕೆಂಬ ಕಡ್ಡಾಯ ಧರ್ಮಸಭೆಯಲ್ಲಿಯೂ ಇಲ್ಲ.

2. ಇನ್ಸುಲಿನ್ ತೆಗೆದುಕೊಳ್ಳುವವರು ಶ್ರಮಕ್ಕೆ ಮೊದಲು ಸಕ್ಕರೆ ಅಳೆದಾಗ 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು. 250ಕ್ಕಿಂತ ಹೆಚ್ಚಿದ್ದು ವಾಂತಿ, ಸುಸ್ತು, ಹೊಟ್ಟೆನೋವು ಇದ್ದರೆ ಆ ದಿನ ಶ್ರಮ ಮಾಡದೆ ವೈದ್ಯರಲ್ಲಿಗೆ ಹೋಗಬೇಕು.

3. ಹಗಲು ಬಹಳ ದುಡಿದ ದಿನ ಸಕ್ಕರೆ ರಾತ್ರಿ ನಿದ್ದೆಯಲ್ಲಿಯೂ ಇಳಿಯಬಹುದು. ಅಂಥ ದಿನ ರಾತ್ರಿಯ ಊಟ ತಪ್ಪಿಸಬಾರದು. ದುಡಿದು ಬಂದು ಖಾಲಿ ಹೊಟ್ಟೆಯಲ್ಲಿ ಸಾರಾಯಿ ಕುಡಿಯುವುದಂತೂ ಸಾವನ್ನು ಮನೆಗೆ ಕರೆದಂತೆ. ಸಾರಾಯಿಯ ಕೆಲಸದಲ್ಲಿ ತೊಡಗಿದ ಪಿತ್ತಜನಕಾಂಗ ಸಕ್ಕರೆಯನ್ನು ಬೇಕಾದಷ್ಟು ಬಿಡಲಾರದು.

4. ನಡೆಯುತ್ತಿದ್ದೇವೆ ಎಂದು ತಾವೇ ಮಾತ್ರೆ, ಇನ್ಸುಲಿನ್ ಬಿಡಬಾರದು. ಕಡಿಮೆ ಮಾಡಬೇಕಾದರೆ ವೈದ್ಯರೇ ಮಾಡಬೇಕು. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೆಯೇ ಇರುವ ಮಕ್ಕಳಿಗೆ ಇನ್ಸುಲಿನ್ ಅನ್ನದಷ್ಟೇ ಅಗತ್ಯ.

5. ನಡೆಯುವಾಗ ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ಎಂದೂ ಇಲ್ಲದ ಉಬ್ಬಸ ಬಂದರೆ ತಕ್ಷಣ ನಿಲ್ಲಬೇಕು. ಮಧುಮೇಹಿಗಳಲ್ಲಿ ಹೃದಯದ ಬೇನೆ ನೋವಿಲ್ಲದೆಯೂ ಬರುತ್ತದೆ. ಕಣ್ಣಿನ ಪರದೆಯಲ್ಲಿ ರಕ್ತಸ್ರಾವವಾದವರು ಉಸಿರು ಬಿಗಿಹಿಡಿದು ಮೂಟೆ ಎತ್ತಬಾರದು.

ಪಾದಗಳ ಕಾಳಜಿ

ಬರಿಗಾಲು ಬೇಡ ಎಂದೆವು. ಬಹು ವರ್ಷ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮರಗಟ್ಟುತ್ತವೆ. ಕಬ್ಬಿನ ಕೂಳೆ ಚುಚ್ಚಿದರೂ, ಕಾದ ನೆಲ ಸುಟ್ಟರೂ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯಕ್ಕೆ ಕಾಳಜಿಯೂ ಇಲ್ಲ. ರಕ್ತ ಸಂಚಾರ ಕಡಿಮೆಯಾಗಿ ಅದು ಮಾಯುವುದೂ ಇಲ್ಲ. ಒಂದು ಮುಳ್ಳಿನ ಗಾಯದಿಂದ ಬೆರಳು, ಬೆರಳಿನಿಂದ ಕಾಲು ಹೋದ ಸಂಗತಿಗಳು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿವೆ. ಈ ಸೀಮೆಯಿಂದ ಪಂಢರಪುರಕ್ಕೆ ವಾರಿ ಹೋಗುವವರು, ಸವದತ್ತಿಗೆ, ವೇಳಾಂಗಣಿಗೆ ಹರಕೆ ಹೊತ್ತು ನಡೆಯುವವರು ಇದನ್ನು ಗಮನಿಸಬೇಕು. ಭಕ್ತಿ ಬರಿಗಾಲಿನಲ್ಲಿಲ್ಲ.

ಕುಷ್ಠರೋಗಿಗಳ ಮರಗಟ್ಟಿದ ಪಾದಗಳಿಗೆಂದು ನಮ್ಮ ದೇಶದಲ್ಲಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಗಳು ಇಂದು ಮಧುಮೇಹಿಗಳಿಗೂ ಉಪಯೋಗವಾಗುತ್ತಿವೆ. ಹಿಂದೆ ಪಟ್ಟಿಯಿರುವ, ಅಗಲವಾದ ಪಾದರಕ್ಷೆ ಹಾಕಿಕೊಂಡು ನಡೆಯಿರಿ. ಹಾಕುವ ಮುನ್ನ ಒಳಗೆ ಕಲ್ಲು ಮುಳ್ಳು ಇದೆಯೇ ಎಂದು ಕೈಯಾಡಿಸಿ ನೋಡಿರಿ. ರಾತ್ರಿ ಪಾದ ತೊಳೆದು, ಬೆರಳುಗಳ ಸಂದನ್ನು ಒರೆಸಿ, ಅಡಿಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿರಿ. ಕಣ್ಣು ಕಾಣದ ಹಿರಿಯರ ಪಾದವನ್ನು ಮೊಮ್ಮಕ್ಕಳು ನೋಡಲಿ. ಇದಕ್ಕಿಂತ ದೊಡ್ಡ ಸೇವೆ ಯಾವುದು? ಪಾದದಲ್ಲಿ ಹುಣ್ಣಿದ್ದವರು ಅದು ಮಾಯುವವರೆಗೆ ನಡಿಗೆ ಬಿಟ್ಟು ಕುಳಿತೇ ಮಾಡುವ ವ್ಯಾಯಾಮ ಮಾಡಬೇಕು.

ಇದು ರೋಗಿಯೊಬ್ಬರ ಹೊಣೆಯಷ್ಟೇ ಅಲ್ಲ

"ವ್ಯಾಯಾಮ ಮಾಡಿರಿ" ಎಂದು ಹೇಳುವುದು ಸುಲಭ. ಮಾಡಲು ಅನುಕೂಲ ಮಾಡಿಕೊಡುವವರು ಕಡಿಮೆ. ಅದಕ್ಕಾಗಿ ನಾಲ್ಕು ಮಾತುಗಳನ್ನು ನೇರವಾಗಿ ಹೇಳಬಯಸುತ್ತೇವೆ.

ಹೊಲದ ಯಜಮಾನರಿಗೆ: ನಿಮ್ಮ ತೋಟಕ್ಕೆ ಬರುವ ಕೂಲಿಯವರಲ್ಲಿ ಸಕ್ಕರೆ ಕಾಯಿಲೆಯವರು ಯಾರೆಂದು ತಿಳಿದುಕೊಳ್ಳಿರಿ. ಅವರು ಮಧ್ಯೆ ಹತ್ತು ನಿಮಿಷ ಕುಳಿತು ಎರಡು ತುತ್ತು ಉಂಡರೆ ಕೂಲಿ ಮುರಿಯಬೇಡಿರಿ. ಕುಡಿಯುವ ನೀರಿನ ಕೊಡದ ಪಕ್ಕದಲ್ಲಿ ಒಂದು ಡಬ್ಬಿ ಸಕ್ಕರೆ ಇಡಿರಿ. ಎಂಟು ಗಂಟೆ ಬಾಗಿ ದುಡಿದ ಹೆಂಗಸಿಗೆ ಬೇಕಾದದ್ದು ನಡಿಗೆಯ ಉಪದೇಶವಲ್ಲ, ಹೊತ್ತಿಗೆ ಸರಿಯಾಗಿ ಊಟ.

ಗಂಡಂದಿರಿಗೆ ಮತ್ತು ಮಕ್ಕಳಿಗೆ: ಮನೆಯಲ್ಲಿಯೇ ಇರುವ ತಾಯಂದಿರಿಗೂ, ಅಂಗಡಿ, ಶಾಲೆ, ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಹೆಣ್ಣುಮಕ್ಕಳಿಗೂ ನಡಿಗೆ ಬೇಕು. ಆದರೆ ಊಟವಾದ ಮೇಲೆ ಪಾತ್ರೆ ತಿಕ್ಕುವವರು ಅವರೇ ಆದರೆ ನಡೆಯುವುದು ಯಾವಾಗ? ಅರ್ಧ ಗಂಟೆ ನೀವು ಪಾತ್ರೆ ತೊಳೆದರೆ ಅದೂ ಒಂದು ಔಷಧೋಪಚಾರವೇ. ಹೆಂಗಸರು ನಾಲ್ವರು ಕೂಡಿ ಓಣಿಯಲ್ಲಿ ನಡೆದರೆ ನಗುವ ಚಟವನ್ನೂ ಬಿಡೋಣ.

ಪಂಚಾಯತಿಯವರಿಗೆ: ಓಣಿಗೆ ಒಂದು ದೀಪ, ತಗ್ಗಿಲ್ಲದ ಒಂದು ಫರ್ಲಾಂಗು ದಾರಿ, ಬೀದಿನಾಯಿಗಳ ಕಾಟಕ್ಕೆ ಒಂದು ಉಪಾಯ. ಇಷ್ಟಾದರೆ ರಾತ್ರಿಯ ಊಟದ ನಂತರ ಊರೇ ನಡೆದೀತು.

ರೋಗಿಗಳಿಗೆ: ನಮ್ಮ ಗಡಿಭಾಗದ ಜನ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವವರು. 1894ರಲ್ಲಿ ಡಾ. ವಾನ್‌ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ವಿಜಾಪುರ, ಬೆಳಗಾವಿ ಕಡೆಯ ಕನ್ನಡಿಗರು ಚಿಕಿತ್ಸೆಗೆ ಮಿರಜದ ದಾರಿ ಹಿಡಿಯುತ್ತ ಬಂದಿದ್ದಾರೆ. ಚೀಟಿ ಇಂಗ್ಲಿಷಿನಲ್ಲಿ, ಮಾತು ಮರಾಠಿಯಲ್ಲಿ, ಸಂಕೋಚ ಕನ್ನಡದಲ್ಲಿ! ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿರಿ: ನನ್ನ ಮಾತ್ರೆ ಸಕ್ಕರೆಯನ್ನು ಅತಿಯಾಗಿ ಇಳಿಸುವ ಜಾತಿಯದೇ? ಕೆಲಸ ಹೆಚ್ಚಿರುವ ದಿನ ಅದನ್ನು ಹೇಗೆ ತೆಗೆದುಕೊಳ್ಳಲಿ? ನನ್ನ ಕಣ್ಣು, ಹೃದಯ, ಪಾದಕ್ಕೆ ಎಂಥ ಶ್ರಮ ಸರಿ? ನಿಮ್ಮ ದುಡಿಮೆ ಎಂಥದೆಂದು ವೈದ್ಯರಿಗೆ ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಮೂವತ್ತು ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆ ಮಾಡಿಸಿಕೊಳ್ಳಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ನಡಿಗೆಯನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ, ನಡೆಯದೆ ಊಟವೇ ಸಿಗುತ್ತಿರಲಿಲ್ಲ. ಇಂದು ಅದನ್ನು ಬೇರೆಯಾಗಿ ಹೇಳಬೇಕಾಗಿದೆ. ಕುಳಿತವರು ಏಳಲಿ, ದುಡಿಯುವವರು ಹೊತ್ತಿಗೆ ಉಣ್ಣಲಿ, ಇಬ್ಬರೂ ಚಪ್ಪಲಿ ಮೆಟ್ಟಿ ನಡೆಯಲಿ. ಇವತ್ತು ರಾತ್ರಿ ಊಟವಾದ ಮೇಲೆ ಟಿ.ವಿ. ಹಚ್ಚುವ ಮೊದಲು ಹತ್ತು ನಿಮಿಷದಿಂದಲೇ ಪ್ರಾರಂಭಿಸಿರಿ.